ಖಾತೆ ಸಂಖ್ಯೆ ನೂರ ಹದಿನಾಲ್ಕು

ಲೆಕ್ಕಪತ್ರ ವಿಭಾಗದಿಂದ ಇವತ್ತು ಲಕೋಟೆಯೊಂದು ವಾಪಸು ಬಂತು:
ಒಂದು ಡಾಲರ್ ಹನ್ನೆರಡು ಸೆಂಟಿನ ಚೆಕ್ಕು,
ಈ ವಿಳಾಸದಲ್ಲಿ ಯಾರೂ ಇಲ್ಲವೆಂಬ ಕೆಂಪು ಮೊಹರು,
ಮೇಲೆ ನಿಮ್ಮ ಹೆಸರು, ಎಮರಿಕ್ ಪ್ರುಸ್.

ಕುರ್ಚಿ ಎಳೆದುಕೊಂಡು ಕೂತೆ.
ಹೊರಗೆ ವಿಸ್ಕಾನ್ಸಿನ್ನಿನ ಡಿಸೆಂಬರು, ನಾಲ್ಕಕ್ಕೇ ದೀಪ,
ಯಾರೋ ಕಾರಿನ ಗಾಜಿನಿಂದ ಹಿಮ ಕೆರೆಯುವ ಸದ್ದು.

ನೆನಪಿದೆಯೇ, ಹನ್ನೊಂದು ವರ್ಷದ ಹಿಂದೆ
ನಾನು ಈ ಪುಟ್ಟ ಸಂತೆ ತೆರೆದದ್ದು?
ಹುರಿಯಾಳು ಗೆದ್ದರೆ ಪಾಲಿಗೊಂದು ಡಾಲರ್, ಸೋತರೆ ಸೊನ್ನೆ.
ನಡುವೆ ನಿಲ್ಲುವ ಬೆಲೆಯೇ ಊರಿನ ಅಂದಾಜು ಎಂದು
ಬೋರ್ಡಿನ ಮೇಲೆ ಬರೆದು ಸೀಮೆಸುಣ್ಣದ ಕೈ ಕೊಡವಿದ್ದೆ.
ನಮ್ಮಪ್ಪ ಹಂದಿ ಹರಾಜು ಕೂಗುತ್ತಿದ್ದವನು.
"ಬಾಯಿ ಸುಳ್ಳಾಡುತ್ತೆ ಲೋರ್ನಾ, ಜೇಬು ಆಡಲ್ಲ"
ಎನ್ನುತ್ತಿದ್ದ. ಅದನ್ನೇ ನಾನು
ನಲವತ್ತು ಪುಟಕ್ಕೆ ಎಳೆದು ಪ್ರೊಫೆಸರಳಾದೆ.

ರಾಜ್ಯಶಾಸ್ತ್ರದ ಮಹಡಿಯಿಂದ ನೀವು ಇಳಿದು ಬಂದಿರಿ,
ಮೊಣಕೈ ಸವೆದ ಕೋಟು, ಕೈಯಲ್ಲಿ ಅರ್ಧ ಕಚ್ಚಿದ ಸೇಬು.
"ವೋಟಿಗೆ ಬೆಲೆ ಕಟ್ಟಿದವನಿಗೆ ಜೈಲು.
ವೋಟಿನ ನೆರಳಿಗೆ ಕಟ್ಟಿದರೆ ಸಂಶೋಧನಾ ಅನುದಾನವೇ?"
ಸಭೆ ನಕ್ಕಿತು. ನಾನೂ ನಕ್ಕೆ, ಒಳಗೆ ಉರಿಯುತ್ತ.

ಆಮೇಲೆ ಪ್ರತಿ ವಸಂತಕ್ಕೂ ಒಂದು ಜಗಳ.
ದುಡ್ಡಿದ್ದವನೊಬ್ಬ ರಾತ್ರೋರಾತ್ರಿ ಕೊಂಡು ಬೆಲೆ ಉಬ್ಬಿಸಿದರೆ? ಎಂದಿರಿ.
ಬೆಳಗಾಗುವುದರೊಳಗೆ ಮಾರುವವರು ಬಂದು ಇಳಿಸುತ್ತಾರೆ, ಎಂದೆ.
ಒಂಬತ್ತು ಸೆಂಟು ಎಂದು ಓದಿದವಳು ಮತಗಟ್ಟೆಗೇ ಹೋಗದಿದ್ದರೆ?
ಸಮೀಕ್ಷೆ ಓದಿದರೂ ಅಷ್ಟೇ, ಎಂದೆ.
ಸಮೀಕ್ಷೆಯವನು ನಿನಗೇನು ಬೇಕು ಎಂದು ಕೇಳುತ್ತಾನೆ ಲೋರ್ನಾ;
ನಿನ್ನ ಸಂತೆ ಕೇಳುವುದು
ಉಳಿದವರಿಗೇನು ಬೇಕೆಂದು ನಿನಗೆ ಗೊತ್ತೇ ಅಂತ.
ಉತ್ತರವಿರಲಿಲ್ಲ. ಕಾಫಿ ಆರಿಹೋಯಿತು, ಎಂದೆ.

ಖಾತೆ ಸಂಖ್ಯೆ ನೂರ ಹದಿನಾಲ್ಕು.
ಚುನಾವಣೆ ಇರುವಷ್ಟು ಕಾಲ, ಪ್ರತಿ ಶುಕ್ರವಾರ ಸಂಜೆ ಐದಕ್ಕೆ
ಒಂದೇ ಒಂದು ಪಾಲು, ಸೋಲುವುದು ಖಂಡಿತವಿದ್ದವರ ಮೇಲೆ.
ಕೌಂಟಿ ಖಜಾಂಚಿ ಹುದ್ದೆಗೆ ನಿಂತ ಶಾಲಾ ಬಸ್ಸಿನ ಚಾಲಕಿ
ಒಟಿಲಿ ಗ್ರೆಬ್ನರ್: ನಾಲ್ಕು ಸೆಂಟು.
ಬೆಲೆ ಎರಡಕ್ಕಿಳಿದರೆ ಎರಡಕ್ಕೆ.
ಗಾಳಿ ಬಂದಾಗ ತೂರಿಕೊಳ್ಳುವವರ ನಡುವೆ
ಎಲೆ ಅಲುಗದ ದಿನ ಮೊರ ಹಿಡಿದು ನಿಂತ ಹಾಗೆ.
ಹುಡುಗರು ಆ ಖಾತೆಗೆ ಹೆಬ್ಬಾತು ಎಂದು ಹೆಸರಿಟ್ಟರು,
ಚಳಿ ಬಿದ್ದರೂ ದಕ್ಷಿಣಕ್ಕೆ ಹಾರದ್ದು.
ನಾನು ಏಳನೆಯ ಅಡಿಟಿಪ್ಪಣಿಯಲ್ಲಿ ಬರೆದೆ:
ಇಂಥವು ಗದ್ದಲ, ಸರಾಸರಿಯಲ್ಲಿ ಅಳಿಸಿಹೋಗುತ್ತವೆ.

ಅದು ನೀವು.

ಕಡತ ತೆಗೆದು ಎಣಿಸಿದೆ, ಇನ್ನೂರ ಆರು ಪಾಲು.
ಒಮ್ಮೆ ಮಾತ್ರ ಕೈತಪ್ಪಿ ಗೆದ್ದಿದ್ದೀರಿ, ಒಳಚರಂಡಿ ಮಂಡಳಿಯಲ್ಲಿ;
ಆ ಡಾಲರನ್ನೂ ಬಿಡಿಬಿಡಿಯಾಗಿ
ಸೋಲುವವರಿಗೇ ಹಂಚಿ ಮುಗಿಸಿದ್ದೀರಿ.
ಏನದು ಎಮರಿಕ್, ಹಠವೋ ಹರಕೆಯೋ?
ನನ್ನ ಬೆಲೆಯನ್ನು ಕೂದಲೆಳೆಯಷ್ಟು ಕೆಡಿಸಿ
ಮಹಡಿಯ ಮೇಲೆ ಒಬ್ಬರೇ ನಗುತ್ತಿದ್ದಿರೋ?
ಅಥವಾ ಒಟಿಲಿಗೆ ಅವಳ ಹೆಸರಿನೆದುರು
ಆ ವಾರವೂ ಯಾರೋ ಒಬ್ಬರು ಇದ್ದಾರೆಂದು ಕಾಣಲೆಂದೋ?
ಬೆಲೆ ನೋಡಿದರೆ ಎರಡೂ ಒಂದೇ. ಬೆಲೆಗೆ ಮುಖವಿಲ್ಲ.
ಅದನ್ನೇ ಅದರ ಗುಣವೆಂದು ನಾನು ಪಾಠ ಮಾಡಿದ್ದು.

ನಿವೃತ್ತರಾಗಿ ಎಲ್ಲಿಗೆ ಹೋದಿರೋ, ವಿಭಾಗದಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ.
ಗುಮಾಸ್ತೆ ಡುಲೂತ್ ಎನ್ನುತ್ತಾಳೆ, ಮಗಳ ಮನೆ;
ಅಂಚೆಯವನು ಅರಿಜೋನಾ ಎನ್ನುತ್ತಾನೆ, ಮಂಡಿನೋವಿಗೆ ಬಿಸಿಲು.
ಪಣ ಕಟ್ಟುವುದಾದರೆ ಡುಲೂತಿಗೆ ಅರವತ್ತು ಸೆಂಟು ಕೊಟ್ಟೇನು.
ಉಳಿದ ನಲವತ್ತರ ಬಗ್ಗೆ ಬಾಯಿ ಬಿಡುವುದಿಲ್ಲ.

ಪ್ರಬಂಧದ ಹೊಸ ಕರಡು ತೆರೆದಿದೆ.
ಏಳನೆಯ ಅಡಿಟಿಪ್ಪಣಿಯ ಮೇಲೆ ಕರ್ಸರು ಮಿಟುಕುತ್ತಿದೆ.
ಅಳಿಸಿಲ್ಲ, ತಿದ್ದಿಯೂ ಇಲ್ಲ.
ಏಪ್ರಿಲಿನ ಚುನಾವಣೆಗೆ ಗ್ರಂಥಾಲಯ ಮಂಡಳಿಗೆ
ಜೇನು ಸಾಕುವ ಮುದುಕನೊಬ್ಬ ನಿಂತಿದ್ದಾನೆ, ಮೂರು ಸೆಂಟು.
ಇವತ್ತು ಗುರುವಾರ.